ಸೌಟು ಯಾರ ಕೈಯಲ್ಲಿದೆ?

(ಕ್ರೈಸ್ತ ಐಕ್ಯ ಪ್ರಾರ್ಥನಾ ಸಪ್ತಾಹದಲ್ಲಿ ಕಾಸರಗೋಡಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ.)

ಪೂಜ್ಯ ಗುರುಗಳೇ, ಸಭಾಪಾಲಕರೇ, ಹಿರಿಯರೇ, ಸಹೋದರ ಸಹೋದರಿಯರೇ,

ಜನಾಂಗಗಳ ನಡುವಣ ಸಂಧಾನದಲ್ಲಿ ಕ್ರೈಸ್ತ ಸಭೆಯ ಪಾತ್ರ ಏನು ಎಂಬುದರ ಬಗ್ಗೆ ಮಾತಾಡಬೇಕೆಂದು ಸಂಘಟಕರು ಹೇಳಿದ್ದಾರೆ. ವಿಷಯ ಕೇಳಿದ ಕೂಡಲೇ ಅಮೆರಿಕ, ದಕ್ಷಿಣ ಆಫ್ರಿಕ ನೆನಪಾಗುವುದು ಸಹಜ. ಆ ದೇಶಗಳ ಮಾತನ್ನೂ ಆಡುತ್ತೇನೆ. ಆದರೆ ಚಂದ್ರಗಿರಿ ಹೊಳೆಯ ದಡದಲ್ಲಿ ನಿಂತು ದೂರದ ಊರಿನ ಪಾಪವನ್ನಷ್ಟೇ ಎಣಿಸಿ ಮನೆಗೆ ಹೋಗುವುದು ನ್ಯಾಯವಲ್ಲ. ಹಾಗಾಗಿ ನಮ್ಮಿಂದಲೇ ಸುರು ಮಾಡುತ್ತೇನೆ.

ಇಲ್ಲಿ ಯಾರೆಲ್ಲ ಕೂತಿದ್ದೀರಿ? ಬೇಳ, ಕಯ್ಯಾರು, ಮಂಜೇಶ್ವರ, ವರ್ಕಾಡಿ ಕಡೆಯ ಕೊಂಕಣಿ ಮಾತಿನ ಕ್ಯಾಥೊಲಿಕರು. ಬಾಸೆಲ್ ಮಿಶನ್ ಪರಂಪರೆಯ, ಕನ್ನಡದಲ್ಲಿ ಆರಾಧನೆ ಮಾಡುವ, ಮನೆಯಲ್ಲಿ ತುಳು ಆಡುವ ಪ್ರೊಟೆಸ್ಟೆಂಟರು. ತಿರುವಿದಾಂಕೂರಿನಿಂದ ಗುಡ್ಡ ಹತ್ತಿ ಬಂದು ರಬ್ಬರ್ ನೆಟ್ಟವರ ಮಕ್ಕಳು ಮೊಮ್ಮಕ್ಕಳಾದ ಸುರಿಯಾನಿ ಕ್ರೈಸ್ತರು. ಈ ಮೂರೂ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿ ಕೂತ ಕೆಲವರು. ನನ್ನ ಇವತ್ತಿನ ಮಾತು ಮುಖ್ಯವಾಗಿ ಆ ಹಿಂದಿನ ಸಾಲಿನ ಬಗ್ಗೆ.

ಈ ಊರಿನ ಕನ್ನಡಿಗರಾದ ನಮಗೆ ಒಂದು ನೋವಿದೆ. 1956ರ ನವೆಂಬರ್ 1ರಂದು ರಾಜ್ಯಗಳು ಮರುಹುಟ್ಟು ಪಡೆದಾಗ ದಕ್ಷಿಣ ಕನ್ನಡದ ಈ ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ವರದಿ ಅಲ್ಲೇ ಉಳಿಯಿತು. ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿನುದ್ದಕ್ಕೂ ಈ ನೋವನ್ನು ಎತ್ತಿ ಆಡಿದರು. ಕಚೇರಿಯಲ್ಲಿ ಓದಲಾಗದ ಭಾಷೆಯ ಅರ್ಜಿ ಕೈಗೆ ಬಂದಾಗ, ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದಾಗ, ನಮ್ಮ ಮಕ್ಕಳು ಸ್ವಂತ ಊರಿನಲ್ಲೇ ಹೊರಗಿನವರಾದಾಗ ನಮಗೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಈ ದೂರು ಸತ್ಯ. ಇದನ್ನು ಬಿಟ್ಟುಕೊಡಿ ಎಂದು ನಾನು ಹೇಳುವುದಿಲ್ಲ.

ಆದರೆ ಅನ್ಯಾಯ ಉಂಡವನು ಇನ್ನೊಬ್ಬನಿಗೆ ಅನ್ಯಾಯ ಬಡಿಸುವುದಿಲ್ಲ ಎಂಬ ನಿಯಮ ಎಲ್ಲೂ ಇಲ್ಲ. ಸರಕಾರದ ಎದುರು ನಾವು ಅಲ್ಪಸಂಖ್ಯಾತರು. ಇಗರ್ಜಿಯ ಒಳಗೆ ಬಂದಾಗ ನಮ್ಮಲ್ಲೇ ಕೆಲವರು ಯಜಮಾನರು, ಕೆಲವರು ಬಾಗಿಲ ಬಳಿ ನಿಲ್ಲುವವರು.

ಅಪೊಸ್ತಲರ ಕಾರ್ಯಗಳ ಆರನೆಯ ಅಧ್ಯಾಯವನ್ನು ತೆಗೆಯಿರಿ. ಸಭೆ ಹುಟ್ಟಿ ಇನ್ನೂ ಹೆಚ್ಚು ಕಾಲವಾಗಿಲ್ಲ. ಆಗಲೇ ಜಗಳ ಎದ್ದಿದೆ. ಜಗಳ ಎದ್ದದ್ದು ಸಿದ್ಧಾಂತಕ್ಕಲ್ಲ, ಊಟಕ್ಕೆ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಎಂದು ಅವರ ಕಡೆಯವರು ಗೊಣಗುತ್ತಾರೆ. ಬಡಿಸುತ್ತಿದ್ದವರು ಊರಿನ ಮಾತಿನವರು. ಎರಡೂ ಗುಂಪು ಯೆಹೂದ್ಯರೇ, ಎರಡೂ ಕ್ರಿಸ್ತನನ್ನು ನಂಬಿದವರೇ. ಆದರೂ ಸೌಟು ಹಿಡಿದವನ ಕಣ್ಣಿಗೆ ಒಂದು ಸಾಲು ಕಾಣಿಸುತ್ತದೆ, ಇನ್ನೊಂದು ಕಾಣಿಸುವುದಿಲ್ಲ.

ಅಪೊಸ್ತಲರು ಏನು ಮಾಡಿದರು? "ಕ್ರಿಸ್ತನಲ್ಲಿ ನಾವೆಲ್ಲ ಒಂದೇ, ಇಂಥ ಮಾತು ಎತ್ತಬೇಡಿ, ಸಭೆ ಒಡೆಯುತ್ತದೆ" ಎನ್ನಲಿಲ್ಲ. ಎರಡೂ ಕಡೆಯವರು ಕೈಕುಲುಕಿ ಎನ್ನಲಿಲ್ಲ. ಪ್ರಾರ್ಥನಾ ಕೂಟ ಇಟ್ಟು ವಿಷಯ ಮುಗಿಸಲಿಲ್ಲ. ಏಳು ಮಂದಿಯನ್ನು ಆರಿಸಿ ಎಂದರು. ಆರಿಸಿದವರ ಹೆಸರುಗಳನ್ನು ಲೂಕನು ಒಂದೊಂದಾಗಿ ಬರೆದಿಟ್ಟಿದ್ದಾನೆ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಆ ಕಾಲದಲ್ಲಿ ಊರಿನ ಯೆಹೂದ್ಯರಿಗೂ ಗ್ರೀಕ್ ಹೆಸರು ಇರುತ್ತಿತ್ತು, ನಿಜ. ಹನ್ನೆರಡು ಅಪೊಸ್ತಲರಲ್ಲೇ ಅಂದ್ರೆಯ, ಫಿಲಿಪ್ಪ ಇದ್ದರು. ಆದರೆ ಏಳಕ್ಕೆ ಏಳೂ ಹಾಗಿರುವುದು, ಕೊನೆಯವನು ಅಂತಿಯೋಕ್ಯದಿಂದ ಬಂದ, ಹುಟ್ಟಿನಿಂದ ಯೆಹೂದ್ಯನೇ ಅಲ್ಲದವನಾಗಿರುವುದು ಆಕಸ್ಮಿಕವಲ್ಲ ಎಂದು ನನ್ನ ಅಭಿಪ್ರಾಯ. ದೂರು ಕೊಟ್ಟವರ ಕೈಗೇ ಉಗ್ರಾಣದ ಉಸ್ತುವಾರಿ ಹೋಯಿತು. ತಪ್ಪಿಹೋದ ಸಾಲಿನವರು ಇನ್ನು ಮುಂದೆ ಎಲ್ಲರಿಗೂ ಬಡಿಸುವವರಾದರು, ಊರಿನ ಮಾತಿನ ವಿಧವೆಯರಿಗೂ ಸಹ.

ಸಂಧಾನ ಎಂದರೆ ನನಗೆ ಅರ್ಥವಾಗುವುದು ಇದು. ಉಳಿದದ್ದೆಲ್ಲ ಇದರ ಮುಂಚಿನ ತಯಾರಿ, ಇಲ್ಲವೇ ಇದನ್ನು ತಪ್ಪಿಸಿಕೊಳ್ಳುವ ಉಪಾಯ.

ಈಗ ಹೊರದೇಶದ ಮಾತು. ಅಮೆರಿಕದ ಫಿಲಡೆಲ್ಫಿಯದಲ್ಲಿ ಸೇಂಟ್ ಜಾರ್ಜ್ ಎಂಬ ಮೆಥೊಡಿಸ್ಟ್ ಚರ್ಚು. ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳು. ಕಪ್ಪು ಜನರಾದ ರಿಚರ್ಡ್ ಅಲೆನ್, ಆಬ್ಸಲೋಮ್ ಜೋನ್ಸ್ ಮತ್ತು ಕೆಲವರು ಪ್ರಾರ್ಥನೆಗೆ ಮೊಣಕಾಲೂರಿದ್ದಾರೆ. ಚರ್ಚಿನ ಒಬ್ಬ ಮೇಲ್ವಿಚಾರಕ ಬಂದು ಜೋನ್ಸರನ್ನು ಹಿಡಿದೆಳೆದು ಎಬ್ಬಿಸುತ್ತಾನೆ: ಇಲ್ಲಿ ಅಲ್ಲ, ಬೇರೆ ಕಡೆ ಹೋಗು. ಪ್ರಾರ್ಥನೆ ಮುಗಿಯುವವರೆಗೆ ತಡೆಯಿರಿ ಎಂದು ಜೋನ್ಸ್ ಕೇಳಿಕೊಂಡರು, ಅವನು ತಡೆಯಲಿಲ್ಲ. ಅವರೆಲ್ಲ ಎದ್ದು ಹೊರನಡೆದರು. ಅಲೆನ್ 1794ರಲ್ಲಿ ಬೆಥೆಲ್ ಚರ್ಚನ್ನು ತೆರೆದರು, 1816ರಲ್ಲಿ ಕಪ್ಪು ಜನರದೇ ಒಂದು ಸ್ವತಂತ್ರ ಮೆಥೊಡಿಸ್ಟ್ ಸಭೆ ಹುಟ್ಟಿತು. ಅಮೆರಿಕದ ಕಪ್ಪು ಜನ ಯಾಕೆ ಬೇರೆ ಚರ್ಚು ಮಾಡಿಕೊಂಡರು ಎಂದು ಕೇಳುವವರು ಆ ಮೊಣಕಾಲೂರಿದ ಮನುಷ್ಯನನ್ನು ನೆನೆಯಬೇಕು.

ದಕ್ಷಿಣ ಆಫ್ರಿಕದ ಕತೆ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ, ಯಾಕೆಂದರೆ ಅಲ್ಲಿ ಯಾರೂ ಯಾರನ್ನೂ ಎಳೆದು ಎಬ್ಬಿಸಲಿಲ್ಲ. ಎಲ್ಲ ಸಭ್ಯವಾಗಿ, ಠರಾವಿನ ಮೂಲಕ ನಡೆಯಿತು. ಅಲ್ಲಿನ ಡಚ್ ರಿಫಾರ್ಮ್ಡ್ ಸಭೆಯಲ್ಲಿ ಕೆಲವು ಬಿಳಿಯರಿಗೆ ಬೇರೆ ಬಣ್ಣದ ವಿಶ್ವಾಸಿಗಳ ಜೊತೆ ಪ್ರಭು ಭೋಜನ ತಕ್ಕೊಳ್ಳಲು ಮನಸ್ಸಿರಲಿಲ್ಲ. 1857ರಲ್ಲಿ ಸಭೆಯ ಆಡಳಿತ ಮಂಡಳಿಯಾದ ಸಿನೋಡ್ ಕೂತು ಚರ್ಚಿಸಿತು. ಎಲ್ಲರೂ ಒಂದೇ ಸಭೆಯಾಗಿ ಇರುವುದೇ ವೇದಕ್ಕೆ ಒಪ್ಪುವ ಮಾತು ಎಂದು ಒಪ್ಪಿಕೊಂಡಿತು. ಆದರೆ ಕೆಲವರ ಬಲಹೀನತೆಯ ನಿಮಿತ್ತ ಬೇರೆಬೇರೆ ಆರಾಧನೆಗೆ ಅವಕಾಶ ಇರಲಿ ಎಂದಿತು. ಕೆಲವರ ಬಲಹೀನತೆಗೆ ಕೊಟ್ಟ ಆ ರಿಯಾಯಿತಿ 1881ಕ್ಕೆ ಬೇರೆ ಬಣ್ಣದವರಿಗೆಂದೇ ಒಂದು ಬೇರೆ ಮಿಶನ್ ಸಭೆಯಾಯಿತು. ಮುಂದಿನ ಶತಮಾನದಲ್ಲಿ ಅಪಾರ್ತೀಡ್ ಎಂಬ ವರ್ಣಭೇದದ ಸರಕಾರಿ ನೀತಿಗೆ ಬಿಳಿಯರ ಡಚ್ ರಿಫಾರ್ಮ್ಡ್ ಸಭೆ ವೇದವಾಕ್ಯದ ಬೆಂಬಲ ಒದಗಿಸಿತು. ಪಂಕ್ತಿಯಲ್ಲಿ ಬಿಟ್ಟ ಸಣ್ಣ ಸಡಿಲ ಒಂದು ದೇಶದ ಕಾನೂನಾಗಲು ನೂರು ವರ್ಷ ಸಾಕಾಯಿತು.

ತಿದ್ದುವ ಮಾತು ಎಲ್ಲಿಂದ ಬಂತು ನೋಡಿ. ಹೊರಗುಳಿದವರ ಆ ಮಿಶನ್ ಸಭೆಯೇ 1982ರಲ್ಲಿ ಬೆಲ್ಹಾರ್ ಎಂಬಲ್ಲಿ ಒಂದು ವಿಶ್ವಾಸಪ್ರಮಾಣವನ್ನು ಬರೆಯಿತು, 1986ರಲ್ಲಿ ಅಂಗೀಕರಿಸಿತು. ಸಭೆಯ ಐಕ್ಯ ದೇವರ ಕೊಡುಗೆ, ಅದು ಕಣ್ಣಿಗೆ ಕಾಣುವಂತೆ ಇರಬೇಕು. ಅನ್ಯಾಯಕ್ಕೊಳಗಾದವರ ಪಕ್ಕದಲ್ಲಿ ದೇವರು ನಿಲ್ಲುತ್ತಾನೆ, ಸಭೆಯೂ ಅಲ್ಲೇ ನಿಲ್ಲಬೇಕು ಎಂಬುದು ಅದರ ತಿರುಳು. ಅದೇ 1982ರಲ್ಲಿ ಲೋಕದ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಅಪಾರ್ತೀಡಿನ ಸಮರ್ಥನೆಯನ್ನು ಪಾಷಂಡ ಬೋಧನೆ ಎಂದು ಘೋಷಿಸಿತು. ಅಮೆರಿಕದಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ 1845ರಲ್ಲಿ ಒಡೆದು ಹುಟ್ಟಿದ ದಕ್ಷಿಣದ ಬ್ಯಾಪ್ಟಿಸ್ಟ್ ಒಕ್ಕೂಟ 1995ರಲ್ಲಿ ಕ್ಷಮೆ ಕೇಳಿತು. ನೂರೈವತ್ತು ವರ್ಷ ಬೇಕಾಯಿತು. ತಡವಾಯಿತೆಂದು ಆ ಕ್ಷಮೆಯನ್ನು ಹಗುರಾಗಿ ಕಾಣುವುದು ಬೇಡ. ನಮ್ಮಲ್ಲಿ ಇನ್ನೂ ಕೇಳಬೇಕಾದವರು ಇದ್ದಾರೆ.

1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾರತಕ್ಕೆ ಬಂದಿದ್ದರು. ಕೇರಳದ ತಿರುವನಂತಪುರದಲ್ಲಿ ದಲಿತ ಮಕ್ಕಳು ಕಲಿಯುವ ಒಂದು ಶಾಲೆಗೆ ಹೋದರು. ಅಲ್ಲಿನ ಮುಖ್ಯೋಪಾಧ್ಯಾಯರು ಮಕ್ಕಳಿಗೆ ಅವರ ಪರಿಚಯ ಮಾಡಿಕೊಟ್ಟದ್ದು ಹೀಗೆ: ಇವರು ಅಮೆರಿಕದಿಂದ ಬಂದ, ನಿಮ್ಮ ಹಾಗೆಯೇ ಅಸ್ಪೃಶ್ಯರಾದವರು. ಕಿಂಗರಿಗೆ ಒಂದು ಕ್ಷಣ ಕಸಿವಿಸಿಯಾಯಿತು. ಆಮೇಲೆ ತಮ್ಮ ದೇಶದ ಕೋಟ್ಯಂತರ ಕಪ್ಪು ಜನರನ್ನು ನೆನೆದು, ಹೌದು, ನಾನು ಅಸ್ಪೃಶ್ಯನೇ ಎಂದುಕೊಂಡರು. 1965ರ ಒಂದು ಪ್ರಸಂಗದಲ್ಲಿ ಅವರೇ ಇದನ್ನು ಹೇಳಿದ್ದಾರೆ. ಅವರ ದೇಶದ ಬಣ್ಣ, ನಮ್ಮ ದೇಶದ ಜಾತಿ ಎರಡೂ ಬೇರೆ ಎಂದು ವಾದ ಮಾಡುವವರು ಇದ್ದಾರೆ. ಇತಿಹಾಸದಲ್ಲಿ ಬೇರೆಯೇ. ಆದರೆ ಆ ಶಾಲೆಯ ಮುಖ್ಯೋಪಾಧ್ಯಾಯರಿಗೆ ಒಂದು ನೋಟಕ್ಕೆ ಕಂಡದ್ದು ಪಂಡಿತರಿಗೆ ಕಾಣದಿರಬಾರದು.

ನಮ್ಮ ನಾಡಿನ ಸಭೆಗಳಿಗೆ ಬರೋಣ. ಜಾತಿ ಹಿಂದೂ ಸಮಾಜದ್ದು, ನಮ್ಮಲ್ಲಿ ಇಲ್ಲ ಎಂಬ ಮಾತನ್ನು ನಾನು ಸಾಕಷ್ಟು ಕೇಳಿದ್ದೇನೆ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಡಕ್ಕನ್‌ಕುಳಂನಲ್ಲಿ 1870ರ ದಶಕದಲ್ಲಿ ಒಂದು ಇಗರ್ಜಿ ಕಟ್ಟಿದರು. ಅದಕ್ಕೆ ಎರಡು ಅಂಕಣ. ಎರಡೂ ಓರೆಯಾಗಿ ಬಂದು ಪೀಠದ ಬಳಿ ಕೂಡುತ್ತವೆ. ಒಂದರಲ್ಲಿ ಮೇಲ್ಜಾತಿಯವರು, ಇನ್ನೊಂದರಲ್ಲಿ ಉಳಿದವರು, ನಡುವೆ ಗೋಡೆ. ಪೂಜೆ ಮಾಡುವ ಗುರುವಿಗೆ ಎರಡೂ ಕಡೆ ಕಾಣುತ್ತದೆ, ಜನರಿಗೆ ಒಬ್ಬರಿಗೊಬ್ಬರು ಕಾಣಿಸುವುದಿಲ್ಲ. ಆ ಗೋಡೆಯನ್ನು 1910ರಲ್ಲಿ ಕೆಡವಿದರು. ಮೇಲ್ಜಾತಿಯವರು ಕೋರ್ಟಿಗೆ ಹೋದರು. ತಿರುಚ್ಚಿಯ ಒಂದು ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳಿಗೂ ಉಳಿದವರ ಗೋರಿಗಳಿಗೂ ನಡುವೆ ಕಟ್ಟಿದ ಗೋಡೆಯ ಬಗ್ಗೆ ಎಷ್ಟೋ ವರ್ಷ ಹೋರಾಟ ನಡೆದಿದೆ. ಸತ್ತ ಮೇಲೂ ಮೈಲಿಗೆ! ಪುನರುತ್ಥಾನದಲ್ಲಿ ನಂಬಿಕೆ ಇಟ್ಟವರು ಕಟ್ಟಿದ ಗೋಡೆ ಅದು.

ಗೋಡೆಯ ಮಾತು ಬಂದಾಗ ಯೆರೂಸಲೇಮಿನ ದೇವಾಲಯವನ್ನು ಹೇಳದೆ ಮುಂದೆ ಹೋಗಲಾರೆ. ಅನ್ಯಜನರು ಒಂದು ತಡೆಗೋಡೆಯ ತನಕ ಮಾತ್ರ ಬರಬಹುದಿತ್ತು. ದಾಟಿದವನಿಗೆ ಸಾವು, ಅದಕ್ಕೆ ಅವನೇ ಹೊಣೆ ಎಂದು ಗ್ರೀಕ್‌ನಲ್ಲಿ ಕೆತ್ತಿದ ಕಲ್ಲು 1871ರಲ್ಲಿ ಸಿಕ್ಕಿತು. ಈಗ ಇಸ್ತಾಂಬುಲ್‌ನ ಸಂಗ್ರಹಾಲಯದಲ್ಲಿದೆ. ಪೌಲನ ಮೇಲೆ ಜನ ಬಿದ್ದು ಹೊಡೆದದ್ದು ಯಾಕೆ? ಎಫೆಸದ ತ್ರೊಫಿಮನನ್ನು ಆ ಗೋಡೆ ದಾಟಿಸಿ ಒಳಗೆ ತಂದನೆಂಬ ಗುಮಾನಿಗೆ. ಅದೇ ಎಫೆಸದವರಿಗೆ ಬರೆದ ಪತ್ರದಲ್ಲಿ, ನಮ್ಮನ್ನು ಅಗಲಿಸಿದ ಅಡ್ಡಗೋಡೆಯನ್ನು ಕ್ರಿಸ್ತನು ತನ್ನ ಶರೀರದಲ್ಲಿ ಕೆಡವಿದನು ಎಂಬ ಮಾತು ಬರುತ್ತದೆ. ಆ ಮಾತಿಗೆ ಪೌಲ ಸೆರೆಮನೆಯ ಬೆಲೆ ತೆತ್ತಿದ್ದ. ಅದನ್ನು ನಾವು ಗೋಡೆಗೆ ತೂಗುಹಾಕುವ ವಾಕ್ಯ ಮಾಡಿಕೊಂಡಿದ್ದೇವೆ.

ಕೇರಳದಲ್ಲಿ ಗೋಡೆ ಕಟ್ಟಲಿಲ್ಲ, ರಕ್ತ ನೋಡಿದರು. ತಮ್ಮೊಳಗೇ ಮದುವೆಯಾಗುವ ಸುರಿಯಾನಿ ಕ್ರೈಸ್ತರಾದ ಕ್ನಾನಾಯ ಸಮುದಾಯಕ್ಕಾಗಿಯೇ 1911ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯ ಹುಟ್ಟಿತು. ನಮ್ಮ ಜಿಲ್ಲೆಯ ರಾಜಪುರಂಗೆ 1943ರಲ್ಲಿ ಬಂದು ನೆಲೆ ನಿಂತವರು ಆ ಸಮುದಾಯದವರೇ. ಕಾಡಿನಲ್ಲಿ ಅವರು ಪಟ್ಟ ಪಾಡು ಸಣ್ಣದಲ್ಲ, ಅವರ ಹಾಡು, ಆಚಾರಗಳ ಮೇಲೆ ನನಗೆ ಗೌರವವಿದೆ. ಆದರೆ ಸಮುದಾಯದ ಹೊರಗೆ, ಕ್ಯಾಥೊಲಿಕರನ್ನೇ ಮದುವೆಯಾದರೂ, ಸ್ವಂತ ಇಗರ್ಜಿಯ ಸದಸ್ಯತ್ವ ಹೋಗುವುದೆಂದರೆ ಅದನ್ನು ಸುವಾರ್ತೆಯ ಜೊತೆ ಹೇಗೆ ಹೊಂದಿಸುವುದು? ಹಾಗೆ ಹೊರಹಾಕುವುದು ಸರಿಯಲ್ಲ ಎಂದು 2021ರಲ್ಲಿ ಕೋಟ್ಟಯಂನ ನ್ಯಾಯಾಲಯ ಹೇಳಿತು, 2022ರಲ್ಲಿ ಜಿಲ್ಲಾ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸಭೆಯೇ ಹೇಳಬೇಕಾಗಿದ್ದ ಮಾತನ್ನು ನ್ಯಾಯಾಲಯ ಹೇಳಬೇಕಾಯಿತು ಎಂಬುದೇ ನನ್ನ ಸಂಕಟ. ಇದೇ ಕೇರಳದಲ್ಲಿ, ಕ್ರೈಸ್ತರಾದ ಮೇಲೂ ದಲಿತರಾದ ಪುಲಯರನ್ನು ಪುಲಯರಾಗಿಯೇ ನಡೆಸಿಕೊಂಡದ್ದನ್ನು ಕಂಡು ಪೊಯ್ಕಯಿಲ್ ಯೋಹನ್ನಾನ್ ಒಂದು ಸಭೆಯಿಂದ ಇನ್ನೊಂದಕ್ಕೆ ಹೋಗಿ, ಎಲ್ಲೂ ನೆಲೆ ಸಿಗದೆ, ಕಳೆದ ಶತಮಾನದ ಮೊದಲ ದಶಕದ ಕೊನೆಗೆ ಪ್ರತ್ಯಕ್ಷ ರಕ್ಷಾ ದೈವ ಸಭೆಯನ್ನು ಕಟ್ಟಿದರು. ಅವರು ಬಿಟ್ಟುಹೋದರು ಎನ್ನುತ್ತಾರೆ. ಉಳಿಯಲು ಜಾಗ ಕೊಟ್ಟವರು ಯಾರು?

ಇನ್ನು ತುಳುನಾಡಿನ ನಾವು. ನಮ್ಮ ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮಣ್, ಚಾರೊಡಿ, ಸುದೀರ್ ಎಂಬ ಜಾತಿಭೇದ ಇತ್ತು, ಇದೆ. ಗೋವೆಯಿಂದ ಹೊರಟಾಗ ಗಂಟುಮೂಟೆಯ ಜೊತೆ ಅದನ್ನೂ ಹೊತ್ತು ತಂದೆವು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿ ಎಲ್ಲ ಕಳೆದುಕೊಂಡರೂ ಅದನ್ನು ಕಳೆದುಕೊಳ್ಳಲಿಲ್ಲ. ಇವತ್ತು ಇಗರ್ಜಿಯಲ್ಲಿ ಅದರ ಸದ್ದಿಲ್ಲ. ಹೆಣ್ಣು ನೋಡಲು ಹೊರಟ ದಿನ ಅದು ಎದ್ದು ಕೂರುತ್ತದೆ: "ಅವರು ನಮ್ಮವರೇನಾ?" ಕೇಳಿದವರಿಗೂ ಉತ್ತರ ಕೊಟ್ಟವರಿಗೂ ಆ ಪ್ರಶ್ನೆಯ ಅರ್ಥ ಗೊತ್ತು. ಇಬ್ಬರೂ ಒಂದೇ ಇಗರ್ಜಿಯವರು, ಒಂದೇ ಪೀಠದ ಮುಂದೆ ಪರಮಪ್ರಸಾದ ತಕ್ಕೊಂಡವರು.

ಬಾಸೆಲ್ ಮಿಶನ್ನಿನವರು ಈ ವಿಷಯದಲ್ಲಿ ಬಿಗಿಯಾಗಿದ್ದರು ಎಂಬುದನ್ನು ಕ್ಯಾಥೊಲಿಕನಾದ ನಾನು ಗೌರವದಿಂದ ಹೇಳುತ್ತೇನೆ. 1834ರಲ್ಲಿ ಮಂಗಳೂರಿಗೆ ಬಂದವರು ಜಾತಿಯನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ ಎಂದರು. 1844ರಲ್ಲಿ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲವಾಯಿತು. ಆ ಕೌಂಡಿನ್ಯರ ಹೆಸರಿನಲ್ಲೇ ಕೊಡಗಿನಲ್ಲಿ ಆನಂದಪುರ ಎಂಬ ವಸತಿ ಎದ್ದಿತು, ಹೊಲೆಯರಿಗಾಗಿ, ತಲೆಮಾರುಗಳಿಂದ ಜೀತದಲ್ಲಿದ್ದವರಿಗಾಗಿ. ಇಂಗ್ಲಿಷ್ ಸಭೆಯಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲೇ, ಜಾತಿಯನ್ನು ಕೂಡಲೇ, ಪೂರ್ತಿಯಾಗಿ ಬಿಡಬೇಕೆಂದು ಸುತ್ತೋಲೆ ಹೊರಡಿಸಿದ್ದರು. ಸುತ್ತೋಲೆಗೆ ತಂಜಾವೂರಿನ ಮೇಲ್ಜಾತಿ ಕ್ರೈಸ್ತರು ಮಣಿಯಲಿಲ್ಲ. ಮೇಲಿನಿಂದ ಬಂದ ಆಜ್ಞೆ ಪಂಕ್ತಿಯ ತನಕ ಇಳಿಯುತ್ತದೆ, ಮದುವೆಯ ಚಪ್ಪರದ ತನಕ ಇಳಿಯುವುದು ಕಷ್ಟ. ಇದು ಪ್ರೊಟೆಸ್ಟೆಂಟ್ ಸ್ನೇಹಿತರಿಗೂ ಗೊತ್ತಿರುವ ಸಂಗತಿಯೇ.

ಎಲ್ಲಕ್ಕಿಂತ ಕೆಳಗೆ ನಮ್ಮ ಊರು ಇಟ್ಟದ್ದು ಕೊರಗರೆಂಬ ಬುಡಕಟ್ಟಿನವರನ್ನು. ಅಂಡೆ ಕೊರಗರು ಎಂಬ ಹೆಸರು ಹಳೆಯ ಬ್ರಿಟಿಷ್ ದಾಖಲೆಗಳಲ್ಲಿದೆ. ದಾರಿಯ ಮೇಲೆ ಉಗುಳಿದರೆ ದಾರಿ ಮೈಲಿಗೆ. ಹಾಗಾಗಿ ಕೊರಳಿಗೆ ಅಂಡೆ ಕಟ್ಟಿಕೊಂಡು ಅದರೊಳಗೆ ಉಗುಳಬೇಕಿತ್ತು. ಅಜಲು ಎಂಬ ಪದ್ಧತಿಯಲ್ಲಿ ಬೇರೆಯವರ ಉಗುರು ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದರು, ರೋಗ ರುಜಿನ, ಅನಿಷ್ಟವೆಲ್ಲ ಅವರಿಗೆ ಹೋಗಲಿ ಎಂದು. ಇದನ್ನು ನಿಷೇಧಿಸಿ ಕರ್ನಾಟಕ ಕಾಯಿದೆ ಮಾಡಿದ್ದು 2000ದಲ್ಲಿ, ಮೊನ್ನೆ ಮೊನ್ನೆ.

ಇಂಥವರ ಬಳಿಗೆ ಇಟಲಿಯಿಂದ ಬಂದ ಜೆಸ್ವಿಟ್ ಗುರು ಅಲೆಕ್ಸಾಂಡರ್ ಕಮಿಸ್ಸಾ ಹೋದರು, ಕಳೆದ ಶತಮಾನದ ಮೊದಲ ದಶಕಗಳಲ್ಲಿ. ನಮ್ಮ ನಾರಂಪಾಡಿ ಅವರ ಸೇವೆಯ ಒಂದು ನೆಲೆ. ಊರಿನವರು ಮುಟ್ಟದವರನ್ನು ಅವರು ಮುಟ್ಟಿದರು, ಅವರ ಕೊಪ್ಪಕ್ಕೆ ನಡೆದು ಹೋದರು. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಒಬ್ಬ ಇಟಲಿಯವನು ಮಾಡಿದ್ದನ್ನು ಎಷ್ಟು ಕಾಲ ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುವುದು?

ಮೊಂತಿ ಹಬ್ಬದ ದಿನ ನಾನು ಕಂಡದ್ದನ್ನು ಹೇಳಬೇಕು. ಊರಿನ ಹೆಸರು ಬೇಡ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಜನ್ಮದಿನ, ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆಗೆ ಅರ್ಪಿಸಿ ಹಾಡಿದ್ದಾರೆ. ಪೂಜೆ ಮುಗಿದ ಮೇಲೆ ಆಶೀರ್ವದಿಸಿದ ಭತ್ತದ ತೆನೆಗಳನ್ನು ಇಗರ್ಜಿಯ ಒಂದೊಂದು ವಾಡೆಯ, ಅಂದರೆ ವಠಾರದ, ಮುಖಂಡರಾದ ಗುರ್ಕಾರರ ಕೈಗೆ ಕೊಡುತ್ತಾರೆ. ಅವರು ತಮ್ಮ ವಾಡೆಯ ಮನೆಮನೆಗೆ ಎಣಿಸಿ ಹಂಚುತ್ತಾರೆ. ಮನೆಯಲ್ಲಿ ಆ ತೆನೆಯ ಹೊಸ ಅಕ್ಕಿಯನ್ನು ಹಾಲಿಗೆ ಹಾಕಿ ಎಲ್ಲರೂ ಒಟ್ಟಿಗೆ ಉಣ್ಣುವುದು. ಆವತ್ತು ಮೆಟ್ಟಿಲ ಬದಿಯಲ್ಲಿ ಒಬ್ಬ ಅಜ್ಜಿ ನಿಂತಿದ್ದರು. ಕೊರಗ ಸಮುದಾಯದವರು, ಹುಟ್ಟು ಕ್ಯಾಥೊಲಿಕರು. ಮಕ್ಕಳು ಹೂ ತಂದ ಬಳ್ಳಿಯ ಬುಟ್ಟಿಗಳಲ್ಲಿ ಹಲವು ಅವರ ಕೈಯಲ್ಲೇ ನೇಯ್ದವು; ಬೆರಳ ತುದಿಯಲ್ಲಿ ಬಳ್ಳಿ ಸೀಳಿ ಸೀಳಿ ಬಿದ್ದ ಗೀರುಗಳು ಕಾಣುತ್ತಿದ್ದವು. ಅವರ ಮನೆಗಳಿರುವ ಕಡೆಗೆ ಬೇರೆ ಗುರ್ಕಾರ ಇಲ್ಲ. ಪಕ್ಕದ ವಾಡೆಯ ಗುರ್ಕಾರರು ತಮ್ಮ ಮನೆಗಳದ್ದು ಮುಗಿಸಿ, ಉಳಿದದ್ದನ್ನು ಕೊನೆಗೆ ಇವರ ಕೈಗೆ ಕೊಟ್ಟರು. ಅಜ್ಜಿ ಎರಡೂ ಕೈ ಒಡ್ಡಿ ತಕ್ಕೊಂಡು ಹೋದರು. ಗುರ್ಕಾರರು ಒಳ್ಳೆಯ ಮನುಷ್ಯರು, ನಕ್ಕು ಮಾತಾಡಿಸಿಯೇ ಕೊಟ್ಟರು. ಮೆಟ್ಟಿಲ ಬದಿಯಲ್ಲಿ ನಿಲ್ಲಿ ಎಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ಅಲ್ಲಿ ದ್ವೇಷ ಇರಲಿಲ್ಲ. ಯಾರ ಬಾಯಲ್ಲೂ ಕೆಟ್ಟ ಮಾತು ಬರಲಿಲ್ಲ. ಅದಕ್ಕೇ ಇದು ಕಷ್ಟ. ನಾವು ಪ್ರೀತಿ ಇಲ್ಲದವರಲ್ಲ. ಕ್ರಿಸ್ಮಸ್ಸಿಗೆ ಅವರ ಮನೆಗಳಿಗೆ ಕೇಕ್ ಕೊಂಡು ಹೋಗುತ್ತೇವೆ, ಮಕ್ಕಳ ಫೀಸು ಕಟ್ಟುತ್ತೇವೆ. ಕೊಡುವ ಕೈ ಯಾವಾಗಲೂ ನಮ್ಮದು, ಒಡ್ಡುವ ಕೈ ಯಾವಾಗಲೂ ಅವರದು. ಈ ವ್ಯವಸ್ಥೆ ಹಾಗೆಯೇ ಇದ್ದು, ಪೂಜೆಯ ನಡುವೆ ಶಾಂತಿಯ ವಂದನೆ ಹೇಳಿ ಕೈಮುಗಿದರೆ ಸಂಧಾನ ಆಗುವುದಿಲ್ಲ. ಯೆರೂಸಲೇಮಿನ ವಿಧವೆಯರಿಗೆ ಅಪೊಸ್ತಲರು ಇನ್ನೊಂದು ಸೌಟು ಹೆಚ್ಚು ಬಡಿಸಿ ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ.

ಒಂದು ಆಕ್ಷೇಪ ಖಂಡಿತ ಬರುತ್ತದೆ: ಹಳೆಯ ಗಾಯ ಯಾಕೆ ಕೆರೆಯುವುದು, ಹೊಸ ತಲೆಮಾರಿಗೆ ಇದೆಲ್ಲ ಗೊತ್ತೇ ಇಲ್ಲ, ನೀವೇ ನೆನಪು ಮಾಡಿಕೊಡುತ್ತೀರಿ ಎಂದು. ಮಾಹಿತಿಗೆ ಹೇಳುತ್ತೇನೆ. ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿತು. ದೇಶದ 1.9 ಕೋಟಿ ಕ್ಯಾಥೊಲಿಕರಲ್ಲಿ 1.2 ಕೋಟಿ ಜನ ದಲಿತರು, ಅಧಿಕಾರದ ಸ್ಥಾನಗಳಲ್ಲಿ ಅವರು ತೀರಾ ಕಡಿಮೆ ಎಂದು ಬಿಷಪರೇ ಒಪ್ಪಿಕೊಂಡರು. ಬಹುಸಂಖ್ಯಾತರು ಒಡ್ಡುವ ಕೈಯವರು, ಅಲ್ಪಸಂಖ್ಯಾತರು ಕೊಡುವ ಕೈಯವರು. ಇದು ಹಳೆಯ ಗಾಯವಲ್ಲ, ಇವತ್ತಿನ ಲೆಕ್ಕ. ಗೊತ್ತಿಲ್ಲದ ತಲೆಮಾರು ಎಂಬುದು ಮೇಲಿನ ಸಾಲಿನವರ ಮಕ್ಕಳಿಗಷ್ಟೇ ಹೊಂದುವ ಮಾತು. ಕೆಳಗಿನ ಸಾಲಿನ ಮಕ್ಕಳಿಗೆ ಐದನೆಯ ವಯಸ್ಸಿಗೇ ಗೊತ್ತಿರುತ್ತದೆ.

ಇದರ ಜೊತೆ ಸರಕಾರದ ಅನ್ಯಾಯವೂ ಇದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ; 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತನಾದ ದಲಿತನಿಗೆ ಇಲ್ಲ. ಕೊರಗರು ಪರಿಶಿಷ್ಟ ಪಂಗಡ, ಆ ಪಟ್ಟಿಗೆ ಧರ್ಮದ ಷರತ್ತಿಲ್ಲ, ಹಾಗಾಗಿ ಅವರು ಉಳಿದುಕೊಂಡರು. ಆದರೆ ಪರಿಶಿಷ್ಟ ಜಾತಿಯ ಮೊಗೇರ ಸಮುದಾಯದ ಕುಟುಂಬವೊಂದು ದೀಕ್ಷಾಸ್ನಾನ ಪಡೆದರೆ ಕಾಗದದಲ್ಲಿ ಅದರ ಜಾತಿ ಹೋಗುತ್ತದೆ, ಊರಿನಲ್ಲಿ ಹೋಗುವುದಿಲ್ಲ. ಮದರಾಸಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಕ್ರೈಸ್ತರು ಇದೇ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಮತಾಂತರದ ನಂತರವೂ ಹಿಂದಿನ ಸಂಕಷ್ಟವೇ ಮುಂದುವರಿದಿದೆ ಎಂಬುದಕ್ಕೆ ಆಧಾರ ಸಾಲದು ಎಂದು 1985ರಲ್ಲಿ ಕೋರ್ಟು ಹೇಳಿತು. 2007ರಲ್ಲಿ ರಂಗನಾಥ ಮಿಶ್ರ ಆಯೋಗ ಧರ್ಮದ ಷರತ್ತು ತೆಗೆಯಿರಿ ಎಂದಿತು. 2022ರ ಅಕ್ಟೋಬರಿನಲ್ಲಿ ಮತ್ತೆ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿದರು. ಇಲ್ಲಿ ನಮ್ಮ ಸಭೆಗಳ ಬಾಯಿ ಎರಡಾಗುತ್ತದೆ. ದಿಲ್ಲಿಯಲ್ಲಿ ಮೆರವಣಿಗೆ ಮಾಡಿ, ಕ್ರೈಸ್ತರಲ್ಲೂ ಜಾತಿ ಇದೆ, ಸವಲತ್ತು ಕೊಡಿ ಎನ್ನುತ್ತೇವೆ. ಊರಿಗೆ ಬಂದು, ನಮ್ಮಲ್ಲಿ ಜಾತಿ ಇಲ್ಲ ಎನ್ನುತ್ತೇವೆ. ಎರಡರಲ್ಲಿ ಒಂದು ಸುಳ್ಳು.

ಹಾಗಾದರೆ ಮಾಡುವುದೇನು? ಬಲಿಪೀಠದ ಮುಂದೆ ಕಾಣಿಕೆ ಇಡುವಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ದೂರಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು ಎಂದು ಯೇಸು ಹೇಳಿದ. ಗಮನಿಸಿ, ದೂರು ಇರುವುದು ಅವನದು. ಎದ್ದು ಹೋಗಬೇಕಾದವನು ನಾನು. ಜಕ್ಕಾಯ ಬರಿ ಕಣ್ಣೀರು ಹಾಕಲಿಲ್ಲ, ನಾಲ್ಕು ಪಾಲು ಹಿಂದೆ ಕೊಡುತ್ತೇನೆ ಎಂದ. ಆದ್ದರಿಂದ ನನ್ನ ಕೋರಿಕೆಗಳು ಉಗ್ರಾಣಕ್ಕೆ ಸಂಬಂಧಿಸಿದವು. ಇಗರ್ಜಿಯ ಹಣಕಾಸು ಸಮಿತಿಯಲ್ಲಿ, ಶಾಲೆಗಳ ಆಡಳಿತ ಮಂಡಳಿಯಲ್ಲಿ, ನೇಮಕಾತಿ ಮಾಡುವ ಮೇಜಿನ ಈಚೆ ಬದಿಯಲ್ಲಿ ಹಿಂದಿನ ಸಾಲಿನವರು ಕೂರಬೇಕು, ಒಬ್ಬರಲ್ಲ, ಮಾತಾಡುವ ಧೈರ್ಯ ಬರುವಷ್ಟು ಮಂದಿ. ಒಬ್ಬರನ್ನು ಕೂರಿಸಿದರೆ ಅವರು ತಲೆಯಾಡಿಸಿ ಎದ್ದು ಬರುತ್ತಾರೆ, ಇದು ಎಲ್ಲ ಕಡೆ ಕಂಡದ್ದೇ. ಹಬ್ಬದ ದಿನ ತೆನೆ ಹಂಚುವ ಗುರ್ಕಾರ ಕೊರಗರ ಮನೆಯವರಾಗಲಿ, ಅಡಿಕೆ ತೋಟದ ಮನೆಯವರು ಅವರ ಕೈಯಿಂದ ತಕ್ಕೊಳ್ಳಲಿ. ಶಾಂತಿಯ ಭಾಷಣಗಳಿಗೆ ಅವರನ್ನು ಕರೆದು ಅನುಭವ ಹಂಚಿಕೊಳ್ಳಿ ಎನ್ನುವುದನ್ನು ಸ್ವಲ್ಪ ಕಾಲ ನಿಲ್ಲಿಸೋಣ. ಅವರ ನೋವು ನಮ್ಮ ಧ್ಯಾನಕೂಟದ ಸಾಮಗ್ರಿಯಲ್ಲ.

ಕನ್ನಡಿಗರಾಗಿ ನಾವು ತಿರುವನಂತಪುರದಿಂದ ಕೇಳುವುದೂ ಇದನ್ನೇ ಅಲ್ಲವೇ? ಕನಿಕರ ಕೇಳುತ್ತಿಲ್ಲ. ನಮ್ಮ ಶಾಲೆಗೆ ಯಾರು ಮೇಷ್ಟ್ರು, ನಮ್ಮ ಅರ್ಜಿ ಯಾವ ಭಾಷೆಯಲ್ಲಿ ಎಂದು ತೀರ್ಮಾನಿಸುವ ಕಡೆ ನಮಗೂ ಕುರ್ಚಿ ಕೊಡಿ ಎನ್ನುತ್ತಿದ್ದೇವೆ.

ಉಪನ್ಯಾಸದ ನಂತರ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಮಗಳಿಗೆ ಸಂಬಂಧ ನೋಡುತ್ತಿರುವ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಸರ್, ನೀವು ಹೇಳುವುದು ಸರಿ. ಆದರೆ ನಾವು ಜಾತಿ ನೋಡದಿದ್ದರೆ ನೆಂಟರು ಮದುವೆಗೆ ಬರುವುದಿಲ್ಲ. ಮದುವೆಯ ಮುಂಚಿನ ರೋಸ್ ಶಾಸ್ತ್ರದ ದಿನ ಚಪ್ಪರ ಖಾಲಿ ಇದ್ದರೆ ಮಗಳ ಮುಖ ಯಾರು ನೋಡುವುದು?"

ಆ ತಾಯಿಯ ಭಯ ನಿಜವಾದದ್ದು, ಅದಕ್ಕೆ ಉಪದೇಶದ ಉತ್ತರ ಸಲ್ಲದು. ನಾನು ಹೇಳಿದ್ದು ಇಷ್ಟು. ಅಮ್ಮಾ, ಚಪ್ಪರ ತುಂಬಿಸುವ ಹೊಣೆ ನಿಮ್ಮೊಬ್ಬರದಲ್ಲ, ಇಗರ್ಜಿಯದು. ಮದುವೆಯ ಮುಂಚೆ ಜೋಡಿಗಳಿಗೆ ತರಬೇತಿ ಕಡ್ಡಾಯ ಇದೆ, ಅಲ್ಲಿ ಈ ಮಾತು ಆಡಬೇಕು, ಅದೂ ತಂದೆ ತಾಯಿಯರನ್ನು ಕೂರಿಸಿಕೊಂಡು. ಭಾನುವಾರದ ಪೂಜೆಯಲ್ಲಿ ಮದುವೆಯ ಪ್ರಕಟಣೆ ಓದುವಾಗ, ಇಂಥ ಮದುವೆಗೆ ಇಡೀ ಇಗರ್ಜಿ ನೆಂಟರು ಎಂದು ಗುರುಗಳು ಹೆಸರು ಹಿಡಿದು ಹೇಳಬೇಕು, ರೋಸಿನ ರಾತ್ರಿ ಪಾಲನಾ ಸಮಿತಿಯವರು ಕುಟುಂಬ ಸಮೇತ ಆ ಮನೆಗೆ ಹೋಗಬೇಕು. ನಾನೂ ನನ್ನ ಮನೆಯವಳೂ ಬರುತ್ತೇವೆ. ಈಗಲೇ ಮಾತು ಕೊಡುತ್ತೇನೆ. ಇನ್ನು ಗುರ್ಕಾರರ ಆಯ್ಕೆ ಈ ವರ್ಷ ಇರುವ ಇಗರ್ಜಿಗಳವರು ಇಲ್ಲಿ ಇದ್ದೀರಿ. ಹೆಸರುಗಳ ಪಟ್ಟಿ ತಯಾರಾಗುವ ಮುಂಚೆಯೇ, ಅಂದರೆ ಬರುವ ತಿಂಗಳ ಸಭೆಯಲ್ಲೇ, ಈ ವಿಷಯವನ್ನು ಎತ್ತಿ. ಪಟ್ಟಿ ಆದ ಮೇಲೆ ಎತ್ತಿದರೆ ಮುಂದಿನ ಅವಧಿಗೆ ನೋಡೋಣ ಎನ್ನುತ್ತಾರೆ.